ಟ್ರೌಟ್ ಮೀನಿನ ಬೇಟೆಗೆ ಹೊರಡುವ ಮುನ್ನ

ಬೇಸಿಗೆಯ ರಜೆ ಸಮೀಪಿಸಿತೆಂದರೆ ವಿದ್ಯಾರ್ಥಿ ಮಿತ್ರರ ಬಾಯಲ್ಲಿ ಎರಡೇ ಮಾತು: ಒಂದು ಪರೀಕ್ಷೆ, ಇನ್ನೊಂದು ಪ್ರವಾಸ. ಮೊದಲನೆಯದರ ವಿಷಯ ಅಧ್ಯಾಪಕರಿಗೆ ಬಿಟ್ಟದ್ದು. ಎರಡನೆಯದರ ವಿಷಯವಾಗಿ ನನ್ನ ಅಭಿಪ್ರಾಯವನ್ನು ಇಲ್ಲಿ ಮಂಡಿಸಲು ಅನುಮತಿ ಬೇಡುತ್ತೇನೆ. ಈ ಸಲ ನಾವು ಐವರು ಸ್ನೇಹಿತರು ನೀಲಗಿರಿಗೆ ಹೋಗಿ, ಒಪ್ಪಿಗೆ ದೊರೆತಲ್ಲಿ ಟ್ರೌಟ್ ಎಂಬ ಮೀನಿಗೆ ಗಾಳ ಹಾಕಬೇಕೆಂದು ಯೋಚಿಸಿದ್ದೇವೆ. ನಮ್ಮಲ್ಲಿ ಯಾರೂ ಈ ಮೊದಲು ಟ್ರೌಟನ್ನು ಕಂಡವರಲ್ಲ. ಸುದ್ದಿ ಹರಡಿದ ಕೂಡಲೇ ಮೂರು ಬಗೆಯ ಆಕ್ಷೇಪಣೆಗಳು ಬಂದುವು. “ಹಂದನಕೆರೆಯ ಕಡೆಯವರಿಗೆ ಮೀನು ಹಿಡಿಯಲು ಊಟಿಯೇ ಬೇಕೇನಯ್ಯ? ಊರ ಹೆಸರಿನಲ್ಲೇ ಕೆರೆ ಇದೆಯಲ್ಲ!” ಎಂದರು ಕೆಲವರು. “ಇದು ಹಿಂದಿನ ದೊರೆಗಳ ಶೋಕಿ, ನಮಗೆ ಒಪ್ಪುವುದಿಲ್ಲ” ಎಂದರು ಮತ್ತೆ ಕೆಲವರು. “ವಿನೋದಕ್ಕಾಗಿ ಒಂದು ಜೀವವನ್ನು ಹಿಂಸಿಸುವುದು ಯಾವ ವಿದ್ಯೆ?” ಎಂದರು ಮೂರನೆಯವರು. ಮೂರೂ ಯೋಗ್ಯವಾದ ಪ್ರಶ್ನೆಗಳೇ. ಒಂದೊಂದಾಗಿ ವಿಚಾರಿಸೋಣ.

ಊರಿನ ಕೆರೆಯನ್ನು ಬಿಟ್ಟು ಬೆಟ್ಟಕ್ಕೇಕೆ ಎಂಬುದಕ್ಕೆ ಉತ್ತರ ಸುಲಭ. ತೆಂಗು ಎಲ್ಲಿ ತುಂಬಿ ಫಲಿಸುತ್ತದೆಯೋ ಅಲ್ಲಿ ಟ್ರೌಟ್ ಬದುಕಲಾರದು. ತೆಂಗಿಗೆ ಬಿಸಿಲು ಬೇಕು. ಟ್ರೌಟಿಗೆ ತಣ್ಣೀರು ಬೇಕು. ಹತ್ತರಿಂದ ಹದಿನಾರು ಡಿಗ್ರಿ ಸೆಂಟಿಗ್ರೇಡಿನ ನೀರಿನಲ್ಲಿ ಅದು ಸುಖವಾಗಿರುತ್ತದೆ. ಇಪ್ಪತ್ತು ದಾಟಿತೆಂದರೆ ಮೇವು ಬಿಡಲಾರಂಭಿಸುತ್ತದೆ; ಇಪ್ಪತ್ತೈದರ ಸುಮಾರಿಗೆ ಪ್ರಾಣಕ್ಕೇ ಸಂಚಕಾರ. ಕಾರಣ ಚಳಿಯ ಮೇಲಿನ ಪ್ರೀತಿಯೊಂದೇ ಅಲ್ಲ, ಉಸಿರು. ನೀರು ತಣ್ಣಗಿದ್ದಷ್ಟೂ ಅದರಲ್ಲಿ ಪ್ರಾಣವಾಯು ಹೆಚ್ಚು ಕರಗಿರುತ್ತದೆ. ಹತ್ತು ಡಿಗ್ರಿಯ ಒಂದು ಲೀಟರ್ ನೀರು ಸುಮಾರು 11 ಮಿಲಿಗ್ರಾಂ ಪ್ರಾಣವಾಯುವನ್ನು ಹಿಡಿದಿಡಬಲ್ಲದು. ಮೂವತ್ತು ಡಿಗ್ರಿಯ ನೀರಿಗೆ ಏಳೂವರೆ ಹಿಡಿದರೆ ಹೆಚ್ಚು. ನಮ್ಮ ಕೆರೆಯ ಕೊರವ ಮೀನು ಬೇಸಿಗೆಯ ಬಗ್ಗಡದಲ್ಲಿಯೂ ಮೇಲಕ್ಕೆ ಬಂದು ಗಾಳಿ ಗುಟುಕರಿಸಿ ಬದುಕುತ್ತದೆ. ಟ್ರೌಟಿಗೆ ಆ ವಿದ್ಯೆ ಬಾರದು. ಆದುದರಿಂದ ಅದನ್ನು ನೋಡಬೇಕಾದರೆ ನಾವೇ ಅದಿರುವ ಎತ್ತರಕ್ಕೆ ಹತ್ತಬೇಕು.

ಆ ಎತ್ತರದಲ್ಲಿಯೂ ಅದು ತಾನಾಗಿ ಹುಟ್ಟಿದ್ದಲ್ಲ. ನೀಲಗಿರಿಯಲ್ಲಿ ಈಗಿರುವ ಬಣ್ಣದ ಪಟ್ಟೆಯ ಟ್ರೌಟಿನ ಮೂಲ ಸ್ಥಾನ ಪೆಸಿಫಿಕ್ ಸಾಗರದ ಕಡೆಗೆ ಹರಿಯುವ ನದಿಗಳು. 1860ರ ದಶಕದಲ್ಲಿ ಫ್ರಾನ್ಸಿಸ್ ಡೇ ಎಂಬ ಮತ್ಸ್ಯಶಾಸ್ತ್ರಜ್ಞರು ಬಿಲಾತಿಯಿಂದ ಟ್ರೌಟ್ ಮೊಟ್ಟೆಗಳನ್ನು ತರಲು ಯತ್ನಿಸಿ ಸಫಲರಾಗಲಿಲ್ಲ. ಹಡಗಿನ ಪ್ರಯಾಣ ದೀರ್ಘ, ದಾರಿಯುದ್ದಕ್ಕೂ ಸೆಕೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಎಚ್. ಸಿ. ವಿಲ್ಸನ್ ಎಂಬುವರ ಕಾಲಕ್ಕೆ ಪ್ರಯತ್ನ ಫಲಿಸಿತು. ಊಟಿಯಿಂದ ಸುಮಾರು 28 ಕಿಲೋಮೀಟರ್ ದೂರದ ಅವಲಾಂಚಿಯಲ್ಲಿ ಮೊಟ್ಟೆಗಳನ್ನು ಮರಿಮಾಡುವ ಕೇಂದ್ರ ಸ್ಥಾಪಿತವಾಯಿತು. ಅಂದರೆ ಈ ಮೀನು ಮನುಷ್ಯರು ಕರೆತಂದ ಅತಿಥಿ. ಅದೂ ಗಾಳಕ್ಕೆಂದೇ ಕರೆತಂದದ್ದು.

ಎರಡನೆಯ ಆಕ್ಷೇಪಣೆಗೆ ಬರುತ್ತೇನೆ. ಟ್ರೌಟನ್ನು ತಂದವರು ದೊರೆಗಳು ಎಂಬುದು ನಿಜ. ಆದರೆ ಗಾಳದ ವಿನೋದವನ್ನು ಅವರೇ ನಮಗೆ ಕಲಿಸಿದರೆಂಬುದು ನಿಜವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಒಂದು ಭಾಗವೇ ಉಂಟು. ಮೀನುಗಳ ಜಾತಿಗಳು, ಅವುಗಳ ವಾಸಸ್ಥಾನ, ಯಾವ ಮೀನಿಗೆ ಯಾವ ಮೇವು, ಗಾಳದ ಕೋಲು ಮತ್ತು ದಾರ ಹೇಗಿರಬೇಕು ಎಂಬುದನ್ನೆಲ್ಲ ಅದರಲ್ಲಿ ಹೇಳಿದೆ. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ ಅವರು 1951ರಲ್ಲಿ ಇದನ್ನು ಕುರಿತು ಲೇಖನ ಬರೆದು ವಿದ್ವಾಂಸರ ಗಮನ ಸೆಳೆದರು. ಇಂಗ್ಲಿಷರು ತಮ್ಮ ಗಾಳದ ವೇದವೆಂದು ತಿಳಿಯುವ ಐಸಾಕ್ ವಾಲ್ಟನ್ನನ ಗ್ರಂಥ ಹೊರಬಂದದ್ದು 1653ರಲ್ಲಿ. ಸೋಮೇಶ್ವರ ಅದಕ್ಕಿಂತ ಐದು ಶತಮಾನ ಹಿರಿಯ. ಇನ್ನು ಇಂಗ್ಲಿಷರೇ ಭಾರತದ ಗಾಳಗಾರಿಕೆಯನ್ನು ಕುರಿತು ಬರೆದ ಪ್ರಸಿದ್ಧ ಪುಸ್ತಕ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲಿ. ಅದನ್ನು ಬರೆದ ಎಚ್. ಎಸ್. ಥಾಮಸ್ ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರಾಗಿದ್ದವರು. ಹೀಗಿರುವಾಗ ಗಾಳದ ಕೋಲನ್ನು ಪರಕೀಯವೆಂದು ದೂರವಿಡಲು ಕಾರಣವಿಲ್ಲ.

ಮೂರನೆಯದೇ ಕಷ್ಟದ ಪ್ರಶ್ನೆ. ಗಾಳ ಮೀನಿಗೆ ಹಿಂಸೆಯೇ ಸರಿ. ಅದನ್ನು ಅಲ್ಲಗಳೆದು ಮಾತಿನ ಜಾಲ ನೇಯುವುದು ನನಗೆ ಇಷ್ಟವಿಲ್ಲ. ಮೀನು ಮುಟ್ಟದ ಮನೆಯಿಂದ ಬಂದವರು ನಮ್ಮ ಐವರಲ್ಲಿಯೂ ಇಬ್ಬರಿದ್ದಾರೆ. ಅವರು ಕೋಲು ಹಿಡಿಯುವುದಿಲ್ಲವೆಂದು ಆಗಲೇ ಹೇಳಿಬಿಟ್ಟಿದ್ದಾರೆ. ಅವರ ಕೈಗೆ ನಾವು ಕೊಡಲಿರುವ ವಸ್ತು ಬೇರೆ, ಅದನ್ನು ಮುಂದೆ ಹೇಳುತ್ತೇನೆ. ಆದರೆ ಹಿಂಸೆಯಲ್ಲಿಯೂ ತರತಮವಿದೆ ಎಂಬುದು ನನ್ನ ವಾದ. ಅದಕ್ಕೆ ನಮ್ಮ ಕಾವೇರಿಯೇ ಸಾಕ್ಷಿ.

ಕಾವೇರಿಯಲ್ಲಿ ಡುಬ್ಬದ ಮಹಶೀರ್ ಎಂಬ ದೊಡ್ಡ ಮೀನು ಇದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಒಬ್ಬರು ಗಾಳದಲ್ಲಿ ಹಿಡಿದ ಮಹಶೀರ್ 120 ಪೌಂಡು ತೂಗಿತು, ಅಂದರೆ ಸುಮಾರು 54 ಕಿಲೋಗ್ರಾಂ. ನಮ್ಮಲ್ಲಿ ಅನೇಕರ ತೂಕ ಅಷ್ಟಿಲ್ಲ. ಕಾವೇರಿ ಜಲಾನಯನದ ಹೊರಗೆ ಜಗತ್ತಿನ ಬೇರಾವ ನದಿಯೂ ಇದರ ತವರಲ್ಲ. 1970ರ ದಶಕದಿಂದ, ಮಹಶೀರ್ ಸಂತತಿ ಹೆಚ್ಚಲೆಂಬ ಸದುದ್ದೇಶದಿಂದಲೇ, ಲೋನಾವಳದ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಬೇರೊಂದು ಜಾತಿಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಹೊಸಬರು ಹೆಚ್ಚಿದರು, ಮನೆಯವರು ಕಡಿಮೆಯಾದರು. ಮೂಲದ ಮೀನಿಗೆ ಸರಿಯಾದ ಶಾಸ್ತ್ರೀಯ ನಾಮ ನಿಶ್ಚಯವಾದದ್ದು 2018ರಲ್ಲಿ. ಆ ವರ್ಷವೇ ಅದು ಅಳಿವಿನ ಅತ್ಯಂತ ಸಮೀಪದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಹೆಸರಿಡುವ ಹೊತ್ತಿಗೆ ಮಗು ಮರಣಶಯ್ಯೆಯಲ್ಲಿತ್ತು!

ಈ ಕಥೆಯಲ್ಲಿ ನನ್ನ ಮನಸ್ಸನ್ನು ತಟ್ಟಿದ ಸಂಗತಿ ಇನ್ನೊಂದು. ಮೂಲದ ಮೀನು ಕಡಿಮೆಯಾಗುತ್ತಿದೆ ಎಂಬುದು ತಿಳಿದದ್ದು ಹೇಗೆ? ಕಾವೇರಿ ದಡದ ಗಾಲಿಬೋರೆಯ ಶಿಬಿರದಲ್ಲಿ ಗಾಳ ಹಾಕುತ್ತಿದ್ದವರು ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವ ಮುನ್ನ ಅದರ ಜಾತಿ, ತೂಕ, ದಿನಾಂಕಗಳನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಲೆಕ್ಕವನ್ನು ಸಂಶೋಧಕರು ಪರಿಶೀಲಿಸಿದಾಗ, ಒಂದು ಜಾತಿ ಏರುತ್ತಿರುವುದೂ ಇನ್ನೊಂದು ಇಳಿಯುತ್ತಿರುವುದೂ ಕಣ್ಣಿಗೆ ಕಟ್ಟಿದಂತೆ ಕಂಡಿತು. ಆ ಕಾಲದಲ್ಲಿ ನದಿಯ ಒಳಗಿನ ಸುದ್ದಿಯನ್ನು ದಡಕ್ಕೆ ತಂದದ್ದು ಆ ಲೆಕ್ಕದ ಪುಸ್ತಕ. ಆದುದರಿಂದಲೇ ನಾನು ಹೇಳುವುದು: ಮೊದಲ ಸಲ ಗಾಳಕ್ಕೆ ಹೋಗುವವನ ಮುಖ್ಯ ಸಲಕರಣೆ ಕೋಲಲ್ಲ, ನೋಟ್ ಪುಸ್ತಕ. ನಮ್ಮ ಸಸ್ಯಾಹಾರಿ ಮಿತ್ರರ ಕೈಗೆ ಕೊಡಲಿರುವುದು ಅದನ್ನೇ. ನೀರಿನ ಉಷ್ಣತೆ, ಹೊತ್ತು, ಮೋಡ, ಕಂಡ ಮೀನು, ಹಿಡಿದ ಮೀನು, ತಪ್ಪಿಸಿಕೊಂಡ ಮೀನು ಎಲ್ಲವೂ ಅದರಲ್ಲಿ ಬರಬೇಕು. ತಪ್ಪಿಸಿಕೊಂಡ ಮೀನಿನ ಉದ್ದವನ್ನು ಮಾತ್ರ ಗಾಳ ಹಿಡಿದವನ ಮಾತಿನ ಮೇಲೆ ಬರೆಯಕೂಡದೆಂದು ಈಗಲೇ ತೀರ್ಮಾನಿಸಿದ್ದೇವೆ.

ಅಳಿಯುತ್ತಿರುವ ಮನೆಯ ಮೀನನ್ನು ಕೆಣಕುವುದಕ್ಕಿಂತ, ಗಾಳಕ್ಕೆಂದೇ ತಂದುಬಿಟ್ಟ ಅತಿಥಿ ಮೀನಿನಲ್ಲಿ ಆ ದಿನದ ಊಟಕ್ಕೆ ಬೇಕಾದ ಒಂದೆರಡನ್ನು ಹಿಡಿಯುವುದು ಮೇಲು. ಟ್ರೌಟಾದರೂ ಪೂರ್ಣ ನಿರಪರಾಧಿಯಲ್ಲ; ಹೋದೆಡೆಯಲ್ಲೆಲ್ಲ ಸ್ಥಳೀಯ ಜೀವಿಗಳನ್ನು ಪೀಡಿಸುವ ನೂರು ಕೆಟ್ಟ ಆಗಂತುಕರ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಹೆಸರೂ ಇದೆ.

ಈಗ ಸಿದ್ಧತೆಯ ಮಾತು. ಮೊದಲನೆಯ ಕೆಲಸ ಕಾಗದ ಬರೆಯುವುದು. ಟ್ರೌಟ್ ಇರುವ ನೀರೆಲ್ಲ ಗಾಳಕ್ಕೆ ತೆರೆದ ನೀರಲ್ಲ. ಆ ಭಾಗದ ಕೆಲವು ತೊರೆಗಳು ಮುಕುರ್ತಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದವು. ಆದುದರಿಂದ ಊಟಿಯ ಮೀನುಗಾರಿಕೆ ಇಲಾಖೆಗೂ ಅರಣ್ಯ ಇಲಾಖೆಗೂ ಮುಂಚಿತವಾಗಿ ಬರೆದು, ಬರವಣಿಗೆಯಲ್ಲಿ ಒಪ್ಪಿಗೆ ಬಂದರೆ ಮಾತ್ರ ಕೋಲು ಒಯ್ಯತಕ್ಕದ್ದು. ಬಾರದಿದ್ದರೆ ಕೋಲು ಮನೆಯಲ್ಲಿರಲಿ, ಪುಸ್ತಕವೊಂದೇ ಬರಲಿ. ಪ್ರವಾಸ ನಿಲ್ಲಬೇಕಾಗಿಲ್ಲ. ಹಣ ಮತ್ತು ಕಾಲದ ಅನುಕೂಲ ಹೆಚ್ಚಿದ್ದವರಿಗೆ ಹಿಮಾಚಲ ಪ್ರದೇಶದ ತೀರ್ಥನ್ ಕಣಿವೆಯಂಥ ಸ್ಥಳಗಳಿವೆ. ಅಲ್ಲಿ ಸರ್ಕಾರವೇ ಪರವಾನಗಿ ಕೊಡುತ್ತದೆ. ನವೆಂಬರಿನಿಂದ ಫೆಬ್ರವರಿ ಮುಗಿಯುವವರೆಗೆ ಮೀನು ಮೊಟ್ಟೆಯಿಡುವ ಕಾಲವೆಂದು ಅಲ್ಲಿ ಟ್ರೌಟ್ ಹಿಡಿಯುವುದು ನಿಷಿದ್ಧ.

ಎರಡನೆಯದು ಕಾಲ. ಮುಂಗಾರಿನಲ್ಲಿ ಆ ಕಡೆ ತಲೆಹಾಕಬಾರದು. 2019ರ ಆಗಸ್ಟಿನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 80 ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ನಮ್ಮ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಇಡೀ ವರ್ಷ ಅಷ್ಟು ಮಳೆ ಬಂದರೆ ಹಬ್ಬ ಮಾಡುತ್ತೇವೆ. ಮೂರನೆಯದು ದಾರಿ. ತುರುವೇಕೆರೆ, ನಾಗಮಂಗಲಗಳ ಮೇಲೆ ಮೈಸೂರು ಸೇರಿ, ಅಲ್ಲಿಂದ ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರಗಳ ಮೂಲಕ ಏರಬೇಕು. ಬಂಡೀಪುರದ ಕಾಡಿನಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಇರುವುದರಿಂದ ಹಗಲಿನಲ್ಲೇ ದಾಟುವಂತೆ ಹೊರಡತಕ್ಕದ್ದು. ಸ್ವಂತ ವಾಹನದವರು ನೀಲಗಿರಿಗೆ 2024ರ ಮೇ ತಿಂಗಳಲ್ಲಿ ಬಂದ ಇ-ಪಾಸ್ ಪದ್ಧತಿಯನ್ನೂ ವಿಚಾರಿಸಿಕೊಳ್ಳಬೇಕು.

ನಾಲ್ಕನೆಯದು ಗಾಳದ ರೀತಿ. ಕೆರೆಯ ಏರಿಯ ಮೇಲೆ ಕುಳಿತು, ಎರೆಹುಳು ಸಿಕ್ಕಿಸಿ, ಬೆಂಡು ಮುಳುಗುವುದನ್ನೇ ಕಾಯುವ ಕ್ರಮ ತೊರೆಯಲ್ಲಿ ನಡೆಯುವುದಿಲ್ಲ. ಟ್ರೌಟ್ ಹರಿವಿಗೆ ಎದುರುಮುಖವಾಗಿ, ಬಂಡೆಯ ಮರೆಯಲ್ಲಿ ನಿಂತು, ತೇಲಿಬರುವ ಹುಳುಹುಪ್ಪಟೆಗಳನ್ನು ಹಿಡಿಯುತ್ತದೆ. ಆದುದರಿಂದ ಅದರ ಬೆನ್ನ ಕಡೆಯಿಂದ, ಅಂದರೆ ಹರಿವಿನ ಕೆಳಗಡೆಯಿಂದ ಸಮೀಪಿಸಬೇಕು. ನೆರಳು ನೀರಿನ ಮೇಲೆ ಬೀಳಕೂಡದು, ಕಾಲಿನ ಸದ್ದಾಗಕೂಡದು. ಗಾಳಕ್ಕೆ ಗರಿ, ದಾರಗಳನ್ನು ನೊಣದ ಹಾಗೆ ಕಟ್ಟಿ, ಭಾರವಾದ ದಾರದ ಬೀಸಿನಿಂದ ನೀರಿನ ಮೇಲೆ ಹಗುರವಾಗಿ ಇಳಿಸಬೇಕು. ಈ ಬೀಸನ್ನು ಹೊರಡುವ ಮುನ್ನ ಕಾಲೇಜಿನ ಆಟದ ಬಯಲಿನಲ್ಲಿ, ಗಾಳವಿಲ್ಲದ ದಾರದಿಂದಲೇ ತಿಂಗಳೊಪ್ಪತ್ತು ಅಭ್ಯಾಸ ಮಾಡುವುದು ಒಳ್ಳೆಯದು. ನೋಡಿದವರು ನಗುತ್ತಾರೆ, ನಗಲಿ. ಬಿಡುವ ಮೀನನ್ನು ಒಣಗೈಯಿಂದ ಮುಟ್ಟಬಾರದು, ಅದರ ಮೈಯ ಲೋಳೆಯೇ ಅದಕ್ಕೆ ಕವಚ. ಭಾವಚಿತ್ರದ ಆಸೆಗೆ ಅದನ್ನು ನೀರಿನ ಹೊರಗೆ ಎತ್ತಿ ಹಿಡಿದು ನಿಲ್ಲಬಾರದು. ತಾಳ್ಮೆಯ ಪಾಠ ನಮಗೆ ಬೇಕಾಗಿಲ್ಲ. ತಿಪಟೂರಿನ ಮಾರುಕಟ್ಟೆಗೆ ಹೋಗುವ ಉಂಡೆಕೊಬ್ಬರಿಗಾಗಿ ಕಾಯಿಯನ್ನು ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಕಾಯುವ ಮನೆತನಗಳವರು ನಾವು. ಒಂದು ಮೀನಿಗೆ ಒಂದು ಬೆಳಗು ಕಾಯಲಾರೆವೇ?

ಇಷ್ಟಾದ ಮೇಲೆ ನಾನು ಮುಖ್ಯವೆಂದು ತಿಳಿದಿರುವುದು ಬೆಟ್ಟ ಇಳಿದ ಮೇಲಿನ ಕೆಲಸ. ನಮ್ಮ ತೋಟಗಳಲ್ಲಿ ಒಂದು ಕಾಯಿ ಬಿದ್ದರೂ ಲೆಕ್ಕವಿದೆ. ಕೆಡವಿದ್ದೆಷ್ಟು, ಸುಲಿದದ್ದೆಷ್ಟು, ಅಟ್ಟಕ್ಕೆ ಏರಿದ್ದೆಷ್ಟು ಎಂದು ಅಜ್ಜಂದಿರು ಬೆರಳ ತುದಿಯಲ್ಲಿ ಹೇಳುತ್ತಾರೆ. ಅದೇ ಊರಿನ ಕೆರೆಯಲ್ಲಿ ಎಷ್ಟು ಜಾತಿಯ ಮೀನಿದೆ ಎಂದು ಕೇಳಿದರೆ ಹೇಳುವವರಿಲ್ಲ. ಮೀನಿನ ಹಕ್ಕು ಗುತ್ತಿಗೆಗೆ ಹೋಗುತ್ತದೆ, ಮರಿ ಬಿಡುತ್ತಾರೆ, ಬಲೆ ಎಳೆಯುತ್ತಾರೆ, ಮುಗಿಯಿತು. ಬಿಡುವ ಕಾಟ್ಲಾ, ರೋಹು, ಮೃಗಾಲ್‌ಗಳೂ ಉತ್ತರದ ನದಿಗಳಿಂದ ಬಂದವು. ಹುಡುಗರು ‘ಜಿಲೇಬಿ’ ಎಂದು ಕರೆಯುವ ಮೀನು ಆಫ್ರಿಕಾ ಮೂಲದ್ದು, 1952ರಲ್ಲಿ ಭಾರತಕ್ಕೆ ತಂದದ್ದು. ಟ್ರೌಟ್ ಇರುವ ಆ ನೂರರ ಪಟ್ಟಿಯಲ್ಲಿ ಇದೂ ಇದೆ. ಹಾಗಾದರೆ ಇವೆಲ್ಲ ಬರುವುದಕ್ಕೆ ಮುಂಚೆ ನಮ್ಮ ಕೆರೆಗಳಲ್ಲಿದ್ದ ಸಣ್ಣಪುಟ್ಟ ಮೀನುಗಳು ಯಾವುವು? ಅವುಗಳ ಹೆಸರು ಗಾಳ ಹಾಕುವ ಮುದುಕರ ಬಾಯಲ್ಲಿಯೂ ಮೀನು ಸಾರು ಮಾಡುವ ಅಜ್ಜಿಯರ ಬಾಯಲ್ಲಿಯೂ ಉಳಿದಿದೆ, ಪುಸ್ತಕಕ್ಕೆ ಏರಿಲ್ಲ. ಕಾವೇರಿಯ ದೊಡ್ಡ ಮೀನಿಗೆ ಲೆಕ್ಕ ಬರೆದವರಾದರೂ ಇದ್ದರು. ನಮ್ಮ ಕೆರೆಯ ಬೆರಳುದ್ದದ ಮೀನು ಅಳಿದರೆ ಅಳಿಯಿತೆಂಬುದೇ ಯಾರಿಗೂ ತಿಳಿಯದು.

ಆದುದರಿಂದ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ. ಯಾರಿಗೆ ಸಾಧ್ಯವೋ ಅವರು ಬೆಟ್ಟಕ್ಕೆ ಹೋಗಿ, ಅಪರಿಚಿತವಾದ ಒಂದು ಮೀನನ್ನು ಶ್ರದ್ಧೆಯಿಂದ ನೋಡುವುದನ್ನು ಕಲಿತು ಬನ್ನಿ. ಹೋಗಲಾಗದವರು ಊರಿನಲ್ಲಿಯೇ ಆ ಅಭ್ಯಾಸ ಮಾಡಿ. ಈ ಕಾಲೇಜಿಗೆ ಕೆರೆಯಿಲ್ಲದ ಊರಿನಿಂದ ಬರುವವರು ವಿರಳ. ರಜೆಯಲ್ಲಿ ಒಬ್ಬೊಬ್ಬರೂ ತಮ್ಮ ಊರ ಕೆರೆಯ ಮೀನುಗಳ ಹೆಸರು, ಗುರುತು, ಕಾಣುವ ಕಾಲ ಇವನ್ನು ಒಂದು ಹಾಳೆಯಲ್ಲಿ ಬರೆದು ತಂದರೆ, ಪ್ರಾಣಿಶಾಸ್ತ್ರ ಬಲ್ಲ ಹಿರಿಯರು ಅದನ್ನು ತಿದ್ದಿಕೊಟ್ಟರೆ, ಮುಂದಿನ ವರ್ಷದ ಸಂಚಿಕೆಯಲ್ಲಿ ನಾಲ್ಕು ಪುಟದ ಪಟ್ಟಿಯೊಂದು ಅಚ್ಚಾಗಬಹುದು. ಹಂದನಕೆರೆಯ ಹಾಳೆಯನ್ನು ನಾನು ತರುತ್ತೇನೆ. ಸಂಪಾದಕ ಮಹಾಶಯರು ಅದಕ್ಕೆ ಈಗಿನಿಂದಲೇ ಸ್ಥಳ ಕಾದಿರಿಸಬೇಕೆಂದು ಪ್ರಾರ್ಥಿಸುತ್ತೇನೆ.