ನನ್ನ ಚೀಲದಲ್ಲಿ 600 ಎಂಎಂ ಲೆನ್ಸ್ ಯಾಕಿಲ್ಲ

ಮೂಡಲಗಿಯ ಡಿಗ್ರಿ ಹುಡುಗನೊಬ್ಬ ಕಳೆದ ವಾರ ಫೋನ್ ಮಾಡಿದ್ದ. "ಅಣ್ಣಾ, ಹಕ್ಕಿ ಫೋಟೊ ತಗೀಬೇಕಂದ್ರ 150-600 ಲೆನ್ಸ್ ಬೇಕಾಗತೈತಲ್ಲ? ಕಂತಿನ ಮ್ಯಾಲ ತಗೊಳ್ಳಲೇನು?" ಬ್ಯಾಡೋ ತಮ್ಮಾ ಅಂದೆ. ಯಾಕೆ ಅನ್ನೋದನ್ನು ಫೋನಿನಲ್ಲಿ ಪೂರ್ತಿ ಹೇಳಲು ಆಗಲಿಲ್ಲ. ಇಲ್ಲಿ ಹೇಳುತ್ತೇನೆ.

ಆ ಲೆನ್ಸ್ ನನ್ನ ಹತ್ತಿರವೂ ಇತ್ತು. ಹೆಚ್ಚುಕಡಿಮೆ 2 ಕೆಜಿ ತೂಕ. ಬೈಕಿನ ಟ್ಯಾಂಕ್ ಮೇಲೆ ಮಗುವಿನ ಹಾಗೆ ಕೂರಿಸಿಕೊಂಡು ಹೋಗುತ್ತಿದ್ದೆ. ಸುದ್ದಿಗಿಷ್ಟು, ಫೋಟೊಕ್ಕಿಷ್ಟು ಅಂತ ಲೆಕ್ಕ ಹಾಕಿ ಕೊಡುವ ದುಡ್ಡಿನಲ್ಲಿ ಒಂದೂವರೆ ವರ್ಷ ಕಂತು ಕಟ್ಟಿದೆ. ಕಂತು ಮುಗಿದ ಮೇಲೆ ಮಾರಿದೆ. ಜನ ನಕ್ಕರು.

ಮಾರಲು ಕಾರಣ ಧೂಪದಾಳದ ಒಬ್ಬ ಮೀನುಗಾರ ಅಜ್ಜ. ಧೂಪದಾಳದ ಹಿನ್ನೀರು ಅಂದರೆ ನಮ್ಮ ಘಟಪ್ರಭಾ ಪಕ್ಷಿಧಾಮ. 1974ರಲ್ಲಿ ಘೋಷಣೆಯಾದದ್ದು, 29.78 ಚದರ ಕಿಲೋಮೀಟರ್. ಚಳಿಗಾಲಕ್ಕೆ ಡೆಮಾಯ್ಸೆಲ್ ಕ್ರೇನ್, ಯುರೋಪಿನ ಬಿಳಿ ಕೊಕ್ಕರೆ ಬರುವ ಜಾಗ. ಅಲ್ಲಿ ನಾನು ಒಂದು ರೀವ ಹಕ್ಕಿಯನ್ನು 600ರಲ್ಲಿ ತೆಗೆದಿದ್ದೆ. ಕೊಕ್ಕಿನ ಹಳದಿ, ಕಣ್ಣಿನ ಹೊಳಪು ಎಲ್ಲ ಬಂದಿತ್ತು. ಹಿಂದಿನದೆಲ್ಲ ಬೆಣ್ಣೆ ಸವರಿದ ಹಾಗೆ ಮಸುಕು. ಖುಷಿಯಿಂದ ಅಜ್ಜನಿಗೆ ತೋರಿಸಿದೆ. "ಹಕ್ಕಿ ಚಲೋ ಬಂದೈತ್ರಿ. ಆದ್ರ ಇದು ನಮ್ಮ ಧೂಪದಾಳದ್ದ ಅಂತ ಹ್ಯಾಂಗ ಗೊತ್ತಾಗಬೇಕು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಟುಡಿಯೊ ಪರದೆ ಮುಂದೆ ನಿಲ್ಲಿಸಿದ ಮದುಮಗನ ಫೋಟೊ ಅದು, ಯಾವ ಊರಿನವನಾದರೂ ಆಗಬಹುದು. ನಾನು ಸುದ್ದಿಗಾರ. ನಾಳೆ ಈ ನೀರಿಗೆ ಹಕ್ಕಿ ಬರುವುದು ಕಡಿಮೆಯಾದರೆ, ಮೊದಲು ಇಲ್ಲಿ ಬರುತ್ತಿದ್ದವು ಅಂತ ತೋರಿಸಲು ಫೋಟೊದಲ್ಲಿ ದಂಡೆ ಇರಬೇಕು, ಬಲೆ ಇರಬೇಕು, ಆಚೆಗಿನ ಕಬ್ಬು ಇರಬೇಕು. ಬರೀ ಕಣ್ಣು, ಕೊಕ್ಕು ಸಾಕ್ಷಿ ಹೇಳುವುದಿಲ್ಲ.

ಈಗ ನನ್ನ ಹತ್ತಿರ ಇರುವುದು ಸೆಕೆಂಡ್ ಹ್ಯಾಂಡ್ ನಿಕಾನ್ ಡಿ7200, ಒಂದು 70-300, ಒಂದು 18-55. ಇದರ ಸೆನ್ಸರ್ ಫುಲ್ ಫ್ರೇಮಿಗಿಂತ ಸಣ್ಣದು, ಹಾಗಾಗಿ 300 ಅನ್ನೋದು 450ರಷ್ಟು ಹತ್ತಿರ ಕಾಣುತ್ತದೆ. ನನಗೆ ಅಷ್ಟು ಸಾಕು. ಮೂಡಲಗಿ ಕಡೆ ಟ್ರ್ಯಾಕ್ಟರ್ ಹಿಂದೆ ನೇಗಿಲ ಸಾಲಿಗಿಳಿಯುವ ಬೆಳ್ಳಕ್ಕಿಗೆ 200 ದಾಟುವುದೇ ಬೇಡ. ಬಾವಿಯ ಮೇಲೆ ತೂಗುವ ಗೀಜಗನ ಗೂಡಿಗೂ ಅಷ್ಟೇ. ಹುಕ್ಕೇರಿ ತಾಲೂಕಿನ ಹಿಡಕಲ್ ಹಿನ್ನೀರು ಇಳಿದಾಗ ಹುನ್ನೂರಿನ ವಿಠ್ಠಲ ಗುಡಿ ಮೇಲೇಳುತ್ತದಲ್ಲ, ಅದರ ಮೇಲೆ ಕೂತ ಹಕ್ಕಿಯನ್ನು 600ರಲ್ಲಿ ತೆಗೆದರೆ ಗುಡಿಯೇ ಇರುವುದಿಲ್ಲ!

ಮೆಗಾಪಿಕ್ಸೆಲ್ ಚಿಂತೆಯೂ ಬೇಡ. ನನ್ನದು 24 ಮೆಗಾಪಿಕ್ಸೆಲ್, ಅಂದರೆ 2 ಕೋಟಿ 40 ಲಕ್ಷ ಚುಕ್ಕೆ. ನೀವು ಇದನ್ನು ಓದುತ್ತಿರುವ ಫೋನು 1080 ಚುಕ್ಕೆ ಅಗಲದ್ದಾದರೆ, ಅದನ್ನು ನೆಟ್ಟಗೆ ಹಿಡಿದಾಗ ನನ್ನ ಫೋಟೊದ 8 ಲಕ್ಷ ಚುಕ್ಕೆಯೂ ನಿಮಗೆ ಕಾಣುವುದಿಲ್ಲ. ವಾಟ್ಸಾಪ್ ಇನ್ನೂ ಹಿಂಡುತ್ತದೆ. ಬೆಳಗಿನ ಬೆಳಕಿಗೆ ಎದ್ದು ಹೋದರೆ ಹಳೇ ಕ್ಯಾಮೆರಾವೂ ಚಲೋ ಫೋಟೊ ಕೊಡುತ್ತದೆ.

ಗೋಕಾಕ ಜಲಪಾತದ ಬಗ್ಗೆ ಒಂದು ತಕರಾರು ಇದೆ. 52 ಮೀಟರ್ ಮೇಲಿಂದ ಬೀಳುವ ಘಟಪ್ರಭೆಯನ್ನು ಸ್ಟ್ಯಾಂಡ್ ಹಾಕಿ, ಶಟರ್ ನಿಧಾನ ಮಾಡಿ, ಹಾಲಿನ ಕೆನೆ ಮಾಡಿಬಿಡುತ್ತಾರೆ. ಜುಲೈ, ಆಗಸ್ಟಿನಲ್ಲಿ ಅಲ್ಲಿ ನಿಂತವರಿಗೆ ಗೊತ್ತು, ಆ ನೀರು ಕೆಮ್ಮಣ್ಣಿನ ಬಣ್ಣದ್ದು, ಸಿಟ್ಟಿನದು. 2019ರ ಆಗಸ್ಟಿನಲ್ಲಿ ಇದೇ ನದಿ ಗೋಕಾಕದ ಮನೆಗಳಿಗೆ ನುಗ್ಗಿತು. ಅದನ್ನು ರೇಷ್ಮೆ ಮಾಡಿ ತೋರಿಸಲು ನನಗೆ ಮನಸ್ಸಾಗುವುದಿಲ್ಲ. 18-55 ಹಾಕಿ ಶಟರ್ 1/500ಕ್ಕೆ ಇಡುತ್ತೇನೆ, ಮಣ್ಣಿನ ಹನಿ ಹನಿಯೂ ಬರುತ್ತದೆ. ಲೆನ್ಸ್ ಒರೆಸಲು ಹಳೇ ಧೋತರದ ತುಂಡು ಜೇಬಿನಲ್ಲಿರಲಿ.

ದೊಡ್ಡ ಲೆನ್ಸಿನವರ ಒಂದು ಮಾತು ಮಾತ್ರ ನಾನು ಒಪ್ಪುತ್ತೇನೆ: ಅದಿದ್ದರೆ ದೂರ ನಿಲ್ಲಬಹುದು. ಸಣ್ಣ ಲೆನ್ಸ್ ಹಿಡಿದು ಗೂಡಿನ ಬುಡಕ್ಕೆ ಹೋಗುವವರನ್ನು, ಅಡ್ಡ ಬಂದ ಟೊಂಗೆ ಮುರಿಯುವವರನ್ನು ಕಣ್ಣಾರೆ ಕಂಡಿದ್ದೇನೆ. ಟೊಂಗೆ ಹೋದರೆ ಮರಿಗಳಿಗೆ ನೆರಳು ಹೋಯಿತು, ಕಾಗೆಗೆ ದಾರಿ ಸಿಕ್ಕಿತು. ಮೊದಲ ವರ್ಷ ನಾನೂ ಒಂದು ಗೂಡಿಗೆ ಹಾಗೆ ಹತ್ತಿರ ಹೋಗಿದ್ದೆ. ತಾಯಿ ಹಕ್ಕಿ ಮುಕ್ಕಾಲು ಗಂಟೆ ಗೂಡಿಗೆ ಬರಲಿಲ್ಲ. ಆ ಫೋಟೊ ಎಲ್ಲೂ ಹಾಕಿಲ್ಲ. 300ಕ್ಕೆ ಸಿಗದ ಗೂಡು ನನಗೆ ಬೇಡ ಅಂತ ಅವತ್ತೇ ಬಿಟ್ಟೆ.

ತಮ್ಮಾ, ಇದನ್ನು ಓದಿದ ಮೇಲೂ ಆಸೆ ಹೋಗದಿದ್ದರೆ ಭಾನುವಾರ ಬೆಳಗ್ಗೆ ಆರಕ್ಕೆ ಧೂಪದಾಳಕ್ಕೆ ಬಾ. ನನ್ನ ಕ್ಯಾಮೆರಾ ಮಧ್ಯಾಹ್ನದವರೆಗೆ ನಿನ್ನ ಕೈಯಲ್ಲಿರಲಿ. ಮೆಮೊರಿ ಕಾರ್ಡ್ ಮಾತ್ರ ನಿಂದ ನೀ ತಗೊಂಡ ಬಾ.