ಅಪರಿಚಿತ ಕರೆ ಬಂದಾಗ ಪರದೆಯಲ್ಲಿ ಕಾಣುವ ಹೆಸರನ್ನು ಎಷ್ಟು ನಂಬಬಹುದು?

"ಈ ಲಿಂಕ್ ಒತ್ತಿ, ನಂಬರ್ ಹಾಕಿ. ಕರೆ ಮಾಡಿದವರ ಹೆಸರು, ವಿಳಾಸ, ಈಗ ಎಲ್ಲಿದ್ದಾರೆ ಎಲ್ಲವೂ ಗೊತ್ತಾಗುತ್ತದೆ. ಎಲ್ಲ ಗ್ರೂಪ್‌ಗಳಿಗೂ ಕಳುಹಿಸಿ." ಇಂತಹ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಗುರುತಿಲ್ಲದ ನಂಬರಿನಿಂದ ಕರೆ ಬಂದರೆ ಯಾರೆಂದು ತಿಳಿಯಬೇಕು ಅನ್ನಿಸುವುದು ಸಹಜ. ಮಕ್ಕಳು ಬೇರೆ ಊರಿನಲ್ಲಿ ಓದುತ್ತಿದ್ದರೆ, ಮನೆಯವರು ಆಸ್ಪತ್ರೆಯಲ್ಲಿದ್ದರೆ ಕರೆ ತೆಗೆಯದೆ ಬಿಡಲೂ ಆಗುವುದಿಲ್ಲ. ಆದರೆ ಬರೀ ನಂಬರಿನಿಂದ ಆಳನ್ನು ಪತ್ತೆ ಮಾಡಬಹುದೇ? ಪರದೆಯಲ್ಲಿ ಮೂಡುವ ಹೆಸರು ಎಲ್ಲಿಂದ ಬರುತ್ತದೆ? ನೋಡೋಣ.

ಎಲ್ಲರ ವಿವರ ಇರುವ ಪಟ್ಟಿ ಇದೆಯೇ?

ಲ್ಯಾಂಡ್‌ಲೈನ್ ಕಾಲದಲ್ಲಿ ದಪ್ಪನೆಯ ಟೆಲಿಫೋನ್ ಡೈರೆಕ್ಟರಿ ಇರುತ್ತಿತ್ತು. ಮೊಬೈಲ್ ನಂಬರುಗಳಿಗೆ ಭಾರತದಲ್ಲಿ ಅಂತಹ ಸಾರ್ವಜನಿಕ ಡೈರೆಕ್ಟರಿ ಇಲ್ಲ. ಸಿಮ್ ಕೊಳ್ಳುವಾಗ ನಾವು ಕೊಟ್ಟ ದಾಖಲೆ ಮೊಬೈಲ್ ಕಂಪನಿಯ ಬಳಿ ಇರುತ್ತದೆ. ಫೋನ್ ಯಾವ ಟವರ್ ವ್ಯಾಪ್ತಿಯಲ್ಲಿದೆ ಎಂಬ ಮಾಹಿತಿಯೂ ಅಲ್ಲೇ ಇರುತ್ತದೆ. ಪೊಲೀಸರು ಕಾನೂನಿನ ಪ್ರಕಾರ ಕೇಳಿ ಅದನ್ನು ಪಡೆಯುತ್ತಾರೆ. ಯಾವುದೋ ವೆಬ್‌ಸೈಟ್ ಪುಕ್ಕಟೆಯಾಗಿ "ಲೈವ್ ಲೊಕೇಶನ್ ತೋರಿಸುತ್ತೇವೆ" ಅಂದರೆ ಅದು ಸುಳ್ಳು. ನಿಮ್ಮ ನಂಬರ್ ಮತ್ತು ಕಾಂಟ್ಯಾಕ್ಟ್ ಪಟ್ಟಿಯನ್ನು ಎಗರಿಸುವುದೇ ಅದರ ಉದ್ದೇಶ ಆಗಿರಬಹುದು.

"ಮೊದಲ ನಾಲ್ಕು ಅಂಕಿ ನೋಡಿದರೆ ರಾಜ್ಯ, ಕಂಪನಿ ತಿಳಿಯುತ್ತದೆ" ಎಂಬ ಮಾತೂ ಈಗ ಪೂರ್ತಿ ನಿಜವಲ್ಲ. ಆ ಅಂಕಿಗಳು ಹೇಳುವುದು ನಂಬರನ್ನು ಮೊದಲು ಎಲ್ಲಿಗೆ ಹಂಚಲಾಗಿತ್ತು ಎಂಬುದನ್ನು ಮಾತ್ರ. ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿಯಲ್ಲಿ ದೇಶದೆಲ್ಲೆಡೆ ಬಂತು. 2015ರ ಜುಲೈನಿಂದ ರಾಜ್ಯ ಬದಲಿಸಿದರೂ ಹಳೆಯ ನಂಬರನ್ನೇ ಇಟ್ಟುಕೊಳ್ಳಬಹುದು.

ಹಾಗಾದರೆ ಆಪ್‌ಗೆ ಹೆಸರು ಹೇಗೆ ಗೊತ್ತು?

2009ರಲ್ಲಿ ಸ್ವೀಡನ್‌ನಲ್ಲಿ ಶುರುವಾದ ಟ್ರೂಕಾಲರ್‌ಗೆ ಈಗ ಭಾರತವೇ ಅತಿ ದೊಡ್ಡ ಮಾರುಕಟ್ಟೆ. ಇಂತಹ ಆಪ್‌ಗಳು ನಡೆಯುವುದು ಜನ ಕೊಟ್ಟ ಮಾಹಿತಿಯಿಂದ. ಬಳಕೆದಾರರು ತಮ್ಮ ಹೆಸರನ್ನು ತಾವೇ ಬರೆದುಕೊಳ್ಳುತ್ತಾರೆ. ಬೇರೆಯವರ ನಂಬರಿಗೆ ಹೆಸರು ಸೂಚಿಸುತ್ತಾರೆ, ಕಿರಿಕಿರಿ ಅನ್ನಿಸಿದ ನಂಬರನ್ನು ಸ್ಪ್ಯಾಮ್ ಎಂದು ಗುರುತಿಸುತ್ತಾರೆ. ಕೆಲವು ಆಪ್‌ಗಳು ಫೋನಿನ ಕಾಂಟ್ಯಾಕ್ಟ್ ಪಟ್ಟಿ ನೋಡಲು ಅನುಮತಿ ಕೇಳುತ್ತವೆ. ಕೊಟ್ಟರೆ ನೀವು "ಗ್ಯಾಸ್ ಹುಡುಗ", "ಪ್ಲಂಬರ್ ಹೊಸಬ" ಎಂದು ಸೇವ್ ಮಾಡಿಕೊಂಡ ಹೆಸರೂ ಅಲ್ಲಿಗೆ ಹೋಗಬಹುದು. ಆ ಪ್ಲಂಬರ್ ತನ್ನ ಹೆಸರು ಕೊಡಲು ಒಪ್ಪಿದ್ದಾನೆಯೇ ಎಂದು ಯಾರೂ ಕೇಳಿರುವುದಿಲ್ಲ.

ಇದರಲ್ಲಿ ಎರಡು ತೊಂದರೆಗಳಿವೆ. ಒಂದು, ಮೋಸಗಾರನೂ ತನ್ನ ಖಾತೆಗೆ "ಬ್ಯಾಂಕ್ ಮ್ಯಾನೇಜರ್" ಎಂದು ಹೆಸರಿಟ್ಟು ಪೊಲೀಸ್ ಲಾಂಛನದ ಫೋಟೋ ಹಾಕಲು ಪ್ರಯತ್ನಿಸಬಹುದು. ಇನ್ನೊಂದು, ಏನೂ ತಪ್ಪು ಮಾಡದವರಿಗೆ ಕೆಟ್ಟ ಹೆಸರು ಅಂಟಬಹುದು. ನಿಲ್ಲಿಸಿದ ನಂಬರನ್ನು ಕನಿಷ್ಠ 90 ದಿನಗಳ ನಂತರ ಬೇರೆಯವರಿಗೆ ಕೊಡುತ್ತಾರೆ. ಹಳೆಯ ಮಾಲೀಕ ಸ್ಪ್ಯಾಮ್ ಕರೆ ಮಾಡುತ್ತಿದ್ದರೆ, ಆ ಕೆಂಪು ಗುರುತು ಹೊಸ ಸಿಮ್ ಕೊಂಡ ವಿದ್ಯಾರ್ಥಿಯ ತಲೆಗೆ ಬರಬಹುದು.

ನಂಬರೇ ಸುಳ್ಳಾಗಿದ್ದರೆ?

ಕೆಲವೊಮ್ಮೆ ಪರದೆಯಲ್ಲಿ ಕಾಣುವ ನಂಬರೇ ಅಸಲಿ ಆಗಿರುವುದಿಲ್ಲ. ಇಂಟರ್‌ನೆಟ್ ಮೂಲಕ ಕರೆ ಮಾಡಿ, ಬೇರೆ ನಂಬರ್ ಕಾಣುವಂತೆ ಮಾಡುವುದನ್ನು ಸ್ಪೂಫಿಂಗ್ ಎನ್ನುತ್ತಾರೆ. ವಿದೇಶದಿಂದ ಬಂದರೂ +91 ಎಂದು ತೋರುವ ಇಂತಹ ಕರೆಗಳನ್ನು ತಡೆಯಲು ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಹೊಸ ವ್ಯವಸ್ಥೆ ಶುರು ಮಾಡಿತು. ಮೊದಲ 24 ಗಂಟೆಗಳಲ್ಲೇ 1.35 ಕೋಟಿ ಕರೆಗಳನ್ನು ತಡೆದಿದ್ದಾಗಿ ಸರ್ಕಾರ ತಿಳಿಸಿತು. ಎದುರಿನವರು ತೋರಿಸುತ್ತಿರುವುದು ಬೇರೆಯವರ ನಂಬರ್ ಆಗಿದ್ದರೆ, ಅದನ್ನು ಹುಡುಕಿ ಸಿಗುವುದು ಯಾರೋ ಅಮಾಯಕರ ಹೆಸರು.

ಸಿಮ್ ದಾಖಲೆಯ ಹೆಸರು ಬಂದರೆ ಸಾಕೇ?

ಆಪ್ ಇಲ್ಲದೆಯೇ, ಸಿಮ್ ಅರ್ಜಿಯಲ್ಲಿರುವ ಹೆಸರನ್ನು ಮೊಬೈಲ್ ಜಾಲವೇ ತೋರಿಸುವ ವ್ಯವಸ್ಥೆಗೆ ಸಿಎನ್‌ಎಪಿ ಎನ್ನುತ್ತಾರೆ. ಇದನ್ನು ತರಬೇಕೆಂದು ಟ್ರಾಯ್ 2024ರ ಫೆಬ್ರವರಿಯಲ್ಲಿ ಶಿಫಾರಸು ಮಾಡಿತು. 4ಜಿ, 5ಜಿ ಜಾಲಗಳಲ್ಲಿ ಇದು ಹಂತ ಹಂತವಾಗಿ ಬರುತ್ತಿದೆ. ಜನ ಬರೆದ ಹೆಸರಿಗಿಂತ ಇದು ಖಂಡಿತ ಮೇಲು. ಆದರೂ ಅಪ್ಪನ ಹೆಸರಿನ ಸಿಮ್‌ನಿಂದ ಮಗ ಕರೆ ಮಾಡಿದರೆ ಅಪ್ಪನ ಹೆಸರೇ ಬರುತ್ತದೆ. ಬೇರೆಯವರ ಆಧಾರ್ ದುರ್ಬಳಕೆ ಮಾಡಿ ಪಡೆದ ಸಿಮ್ ಆದರೆ ಅವರ ಹೆಸರು ಬರುತ್ತದೆ. ವಾಟ್ಸಾಪ್ ಕರೆಗೆ ಇದು ಅನ್ವಯಿಸುವುದಿಲ್ಲ.

ಕೆಲವರು ನಂಬರನ್ನು ಯುಪಿಐ ಆಪ್‌ನಲ್ಲಿ ಹಾಕಿ ಬ್ಯಾಂಕ್ ಖಾತೆಯ ಹೆಸರು ನೋಡುತ್ತಾರೆ. ಹೆಸರು ಸಿಗಬಹುದು. ಆದರೆ ಮೋಸಗಾರರು ಬಾಡಿಗೆಗೆ ಪಡೆದ ಖಾತೆಗಳನ್ನು ಬಳಸುವುದೇ ಹೆಚ್ಚು. ಅಲ್ಲಿ ಕಾಣುವ ಹೆಸರಿನವರೇ ಕರೆ ಮಾಡಿದ್ದಾರೆ ಎನ್ನಲಾಗದು.

ನಾವು ಏನು ಮಾಡಬೇಕು?

ಹೆಸರು ನೋಡಿ ತೀರ್ಮಾನಿಸಬೇಡಿ, ಅವರು ಏನು ಕೇಳುತ್ತಿದ್ದಾರೆ ಎಂಬುದನ್ನು ನೋಡಿ. ಒಟಿಪಿ, ಪಿನ್, ಹಣ, ಸ್ಕ್ರೀನ್ ಶೇರ್ ಮಾಡುವ ಆಪ್, ಇವುಗಳಲ್ಲಿ ಯಾವುದನ್ನು ಕೇಳಿದರೂ ಕರೆ ಕಟ್ ಮಾಡಿ. ಪರದೆಯಲ್ಲಿ ಯಾರ ಹೆಸರಿದ್ದರೂ ಸರಿ.

ಬ್ಯಾಂಕಿನವರು ಅಂದರೆ ಪಾಸ್‌ಬುಕ್ ಅಥವಾ ಕಾರ್ಡ್ ಹಿಂದೆ ಇರುವ ನಂಬರಿಗೆ ನೀವೇ ಕರೆ ಮಾಡಿ. ಗ್ರಾಹಕರ ಸೇವೆಯ ಕರೆಗಳಿಗೆ 1600ರಿಂದ, ಪ್ರಚಾರದ ಕರೆಗಳಿಗೆ 140ರಿಂದ ಶುರುವಾಗುವ ನಂಬರುಗಳನ್ನೇ ಬಳಸಬೇಕೆಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಸೂಚಿಸಿದೆ.

ಪೊಲೀಸ್, ಸಿಬಿಐ ಎಂದು ಹೆದರಿಸಿದರೆ ನೆನಪಿಡಿ: "ಡಿಜಿಟಲ್ ಅರೆಸ್ಟ್" ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ.

ಅನುಮಾನದ ಕರೆ ಬಂದರೆ ಸಂಚಾರ್ ಸಾಥಿಯ "ಚಕ್ಷು" ವಿಭಾಗದಲ್ಲಿ ದೂರು ಕೊಡಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂದೂ ಅಲ್ಲೇ ನೋಡಬಹುದು. ಹಣ ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ, ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಟ್ರೂಕಾಲರ್‌ನಲ್ಲಿ ನಿಮ್ಮ ಹೆಸರು ಬೇಡವೆಂದರೆ, ಖಾತೆ ಇದ್ದರೆ ಅದನ್ನು ಮುಚ್ಚಿ, ಅವರ ವೆಬ್‌ಸೈಟಿನಲ್ಲಿ ನಂಬರ್ ತೆಗೆಸಿಹಾಕಬಹುದು.

ಇಂತಹ ಆಪ್‌ಗಳು ಕೆಲಸಕ್ಕೆ ಬಾರದವು ಎಂದು ನಾವು ಹೇಳುತ್ತಿಲ್ಲ. ಸಾವಿರಾರು ಜನ ಸ್ಪ್ಯಾಮ್ ಎಂದ ನಂಬರಿನ ಬಗ್ಗೆ ಎಚ್ಚರಿಕೆ ಸಿಗುವುದು ಒಳ್ಳೆಯದೇ. ಆದರೆ ಅದನ್ನು ಗುರುತಿನ ಚೀಟಿ ಎಂದುಕೊಳ್ಳಬೇಡಿ. ಮನೆಯಲ್ಲಿರುವ ಹಿರಿಯರಿಗೆ ಇದನ್ನು ಬಿಡಿಸಿ ಹೇಳಿ. ಅವರ ಫೋನಿನಲ್ಲಿ "ಬ್ಯಾಂಕ್" ಎಂದು ಹೆಸರು ಕಂಡೊಡನೆ ಅವರು ನಂಬುವ ಸಂಭವವೇ ಹೆಚ್ಚು. ಇನ್ನು ಆ ಲೈವ್ ಲೊಕೇಶನ್ ಲಿಂಕ್ ಮತ್ತೆ ಬಂದರೆ ಮುಂದೆ ಕಳುಹಿಸಬೇಡಿ, ಅಳಿಸಿಬಿಡಿ.