ಅಂಗಡಿ ಉಳಿಯಿತು, ಆಳು ಮರೆತುಹೋದ

ಹೈದರಾಬಾದಿನ ಜನರಲ್ ಪೋಸ್ಟ್ ಆಫೀಸಿನ ವೃತ್ತದಲ್ಲಿ ನಿಂತಿರುವುದು ನೆಹರೂ ಪ್ರತಿಮೆ. ಆದರೆ ಆಟೋ ಹತ್ತಿದವರು ಹೇಳುವ ಹೆಸರು ಅಬಿಡ್ಸ್. ಕೊನೆಯ ಆ 'ಸ್' ಇಂಗ್ಲಿಷಿನ ಷಷ್ಠಿ ವಿಭಕ್ತಿ. 'ಅಬಿದನ' ಅಂಗಡಿಯಲ್ಲಿ ಅಂಗಡಿ ಬಿದ್ದುಹೋಗಿ, ವಿಭಕ್ತಿ ಮಾತ್ರ ಉಳಿದಿದೆ. ಕನ್ನಡದವರು ಅದಕ್ಕೆ ಇನ್ನೊಂದನ್ನು ಅಂಟಿಸಿ 'ಅಬಿಡ್ಸಿನಲ್ಲಿ' ಎನ್ನುತ್ತಾರೆ. 1956ರವರೆಗೆ ಕಲಬುರಗಿ, ಬೀದರ್, ರಾಯಚೂರಿನವರಿಗೆ ರಾಜಧಾನಿಯೇ ಹೈದರಾಬಾದು, ಹಾಗಾಗಿ ಈ ಪದ ಆ ಕಡೆಯ ಮನೆಗಳಿಗೆ ಹೊಸದೇನಲ್ಲ.

ಆಲ್ಬರ್ಟ್ ಅಬಿದ್ ಆರ್ಮೇನಿಯನ್ ಮೂಲದವನು. ಆರನೆಯ ನಿಜಾಮ ಮಹಬೂಬ್ ಅಲಿ ಖಾನನ ಉಡುಪು, ಗಡಿಯಾರ, ಒಡವೆಗಳ ಉಸ್ತುವಾರಿ ಅವನದು. ನಿಜಾಮ ಒಮ್ಮೆ ಉಟ್ಟ ಬಟ್ಟೆಯನ್ನು ಮತ್ತೆ ಉಡುತ್ತಿರಲಿಲ್ಲವೆಂದೂ, ಅದೇ ಬಟ್ಟೆ ಅಬಿದನ ಅಂಗಡಿ ಸುತ್ತಿ ಮತ್ತೆ ಅರಮನೆಗೇ ಮಾರಾಟವಾಗುತ್ತಿತ್ತೆಂದೂ ಊರು ನಗುತ್ತಾ ಹೇಳುತ್ತದೆ. ಕಥೆ ನಿಜವೋ ಸುಳ್ಳೋ, ಹೇಳುವವರ ದನಿಯಲ್ಲಿ ಮೆಚ್ಚುಗೆಯೇ ಹೆಚ್ಚು. ಜೇಕಬ್ ವಜ್ರದ ವ್ಯವಹಾರದಲ್ಲೂ ಅವನೇ ಮಧ್ಯವರ್ತಿ. ಅದು 1891ರಲ್ಲಿ ಕಲ್ಕತ್ತಾ ಹೈಕೋರ್ಟು ಮುಟ್ಟಿತು. ಅಂಗಡಿಯಿದ್ದ ಜಾಗದಲ್ಲಿ ಮುಂದೆ ಪ್ಯಾಲೆಸ್ ಟಾಕೀಸ್ ಬಂತು.

ಅಬಿದನ ಸೇವೆ ಮರೆತುಹೋಗಿ ಅಂಗಡಿ ಉಳಿಯಿತು. ನಮ್ಮ ಊರುಗಳ ಮಾಜಿ ಸೈನಿಕರ ವಿಷಯದಲ್ಲಿ ಆಗುವುದು ಇದರ ತಿರುಗುಮುರುಗು. ಸೇವೆ ಉಳಿಯುತ್ತದೆ, ಅಂಗಡಿ ಮಾಯ.

ಸಿಪಾಯಿಗೆ ಪಿಂಚಣಿ ಸಿಗಲು 15 ವರ್ಷ ಸೇವೆ ಸಾಕು. ಹತ್ತೊಂಬತ್ತರಲ್ಲಿ ಸೇರಿದವನು ನಲವತ್ತರೊಳಗೆ ಊರಿಗೆ ಬಂದಿರುತ್ತಾನೆ. ಆಮೇಲೆ ಕಿರಾಣಿ ಅಂಗಡಿಯೋ, ಝೆರಾಕ್ಸ್ ಅಂಗಡಿಯೋ, ಒಂದು ಸಣ್ಣ ಹೋಟೆಲೋ. ಗಲ್ಲಾದ ಹಿಂದೆ ಕುಳಿತ ವರ್ಷಗಳು ಸಮವಸ್ತ್ರದ ವರ್ಷಗಳ ಎರಡರಷ್ಟಾಗುವುದು ಅಪರೂಪವಲ್ಲ. ಆದರೆ ಆತ ತೀರಿಕೊಂಡ ದಿನ ಕಟ್ಟುವ ಫ್ಲೆಕ್ಸಿನಲ್ಲಿ ಇಪ್ಪತ್ತೈದರ ಟೋಪಿಯ ಫೋಟೊ, ರೆಜಿಮೆಂಟಿನ ಹೆಸರು, ತ್ರಿವರ್ಣ. ಯಾರಿಗೆ ಉದ್ರಿ ಕೊಟ್ಟ, ಯಾವ ವರ್ಷ ಸಾಲ ತೀರಿಸಲು ಹೆಂಡತಿಯ ಬಳೆ ಒತ್ತೆಯಿಟ್ಟ, ಲಾಕ್‌ಡೌನಿನಲ್ಲಿ ಅಂಗಡಿ ಹುಡುಗನಿಗೆ ಸಂಬಳ ಕೊಟ್ಟನೋ ಇಲ್ಲವೋ, ಇವೆಲ್ಲ ಶ್ರದ್ಧಾಂಜಲಿಗೆ ತಕ್ಕದ್ದಲ್ಲ ಎಂದು ಬರೆಯುವವರೇ ತೀರ್ಮಾನಿಸಿರುತ್ತಾರೆ. ಇದು ಗೌರವದ ಹೆಸರಿನ ಸೋಮಾರಿತನ. ಯುದ್ಧದ ಬಗ್ಗೆ ಬರೆಯಲು ಸಿದ್ಧ ಪದಗಳಿವೆ, ಉದ್ರಿ ಪುಸ್ತಕದ ಬಗ್ಗೆ ಇಲ್ಲ.

ಹೆಸರು ಮಾಡಿದವರಿಗೂ ಇದು ತಪ್ಪಿದ್ದಲ್ಲ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 1971ರ ಯುದ್ಧ ಕಂಡವರು. ಇಪ್ಪತ್ತರ ಹರೆಯದಲ್ಲೇ ಸೇನೆ ಬಿಟ್ಟು ಹಾಸನ ಜಿಲ್ಲೆಯಲ್ಲಿ ರೇಷ್ಮೆ ಹುಳು ಸಾಕಿದರು, ಎನ್‌ಫೀಲ್ಡ್ ಬೈಕಿನ ಡೀಲರ್‌ಶಿಪ್ ನಡೆಸಿದರು, ಉಡುಪಿ ಹೋಟೆಲೊಂದನ್ನೂ ಇಟ್ಟರು. 2003ರ ಏರ್ ಡೆಕ್ಕನ್ ಬಂದಿದ್ದು ಇಷ್ಟಾದ ಮೇಲೆ. 2020ರಲ್ಲಿ ಅವರ ಆತ್ಮಕಥೆಯನ್ನಾಧರಿಸಿ ಬಂದ 'ಸೂರರೈ ಪೋಟ್ರು' ನಾಯಕನನ್ನು ವಾಯುಪಡೆಗೆ ಸೇರಿಸಿತು. ಸಿನಿಮಾಕ್ಕೆ ಅದು ಬೇಕಿರಬಹುದು. ಆದರೂ ಇಡ್ಲಿ ಸಾಂಬಾರಿನ ಲೆಕ್ಕ ನೋಡಿದವರಿಗೇ ಅಗ್ಗದ ಟಿಕೆಟ್ಟಿನ ಲೆಕ್ಕ ಹೊಳೆದಿದ್ದು ಎಂದು ಯಾರಾದರೂ ವಾದಿಸಿದರೆ ತಳ್ಳಿಹಾಕುವುದು ಕಷ್ಟ. ಗೋಪಿನಾಥರು ತಾವೇ ಬರೆದುಕೊಂಡಿದ್ದರಿಂದ ಹೋಟೆಲಿನ ವಿಚಾರ ಉಳಿಯಿತು. ಕಿರಾಣಿ ಅಂಗಡಿಯ ಹವಾಲ್ದಾರರು ಆತ್ಮಕಥೆ ಬರೆಯುವುದಿಲ್ಲ. ಅವರ ಬಗ್ಗೆ ಗೊತ್ತಿರುವುದು ಗಿರಾಕಿಗಳಿಗೆ, ಎದುರಂಗಡಿಯವರಿಗೆ, ಸರಕು ಇಳಿಸುವ ಹಮಾಲರಿಗೆ. ಪತ್ರಿಕೆಗೆ ನಾಲ್ಕು ಸಾಲು ಬರೆದುಕೊಡುವ ಮಗ ಇವರಲ್ಲಿ ಒಬ್ಬರನ್ನಾದರೂ ಕೇಳಬಹುದು. ಉದ್ರಿ ಪುಸ್ತಕ ರದ್ದಿಗೆ ಹೋಗುವ ಮುಂಚೆ ಕೇಳಬೇಕು, ಅಷ್ಟೇ.

ಅಬಿಡ್ಸಿನಲ್ಲಿ ಭಾನುವಾರ ಷಟರ್ ಇಳಿದ ಅಂಗಡಿಗಳ ಮುಂದೆ, ಫುಟ್‌ಪಾತಿನುದ್ದಕ್ಕೂ ಹಳೆಯ ಪುಸ್ತಕ ಹರಡಿರುತ್ತಾರೆ. ಅಲ್ಲಿ ಕಾದಂಬರಿ ಸಿಗುತ್ತದೆ, ಪಠ್ಯಪುಸ್ತಕ ಸಿಗುತ್ತದೆ, ಸೇನಾಧಿಕಾರಿಗಳ ನೆನಪುಗಳೂ ಸಿಗುತ್ತವೆ. ಅಂಗಡಿಕಾರರದು ಹುಡುಕಬೇಕು.